ಡಲ್ಮಾವ್, ಜೋಸೆಪ್

ಕ್ಯಾಟಲೋನಿಯದ ನರರೋಗತಜ್ಞ. ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬೀಳುವ ಆಟೊಇಮ್ಯೂನ್ ಎನ್ಸೆಫಲೈಟಿಸ್ ಕಾಯಿಲೆಗಳಲ್ಲಿ ಹಲವನ್ನು ಮೊದಲು ಗುರುತಿಸಿದ ಸಂಶೋಧಕರಲ್ಲಿ ಪ್ರಮುಖರು. ಎನ್‌ಎಂಡಿಎ ಗ್ರಾಹಕದ (ನರಕೋಶದ ಹೊರಮೈಯಲ್ಲಿದ್ದು ಸಂಕೇತ ಪಡೆಯುವ ಪ್ರೋಟೀನು) ವಿರುದ್ಧ ಹುಟ್ಟುವ ಪ್ರತಿಕಾಯಗಳಿಂದ ಬರುವ ಮಿದುಳಿನ ಉರಿಯೂತ ಇವುಗಳಲ್ಲಿ ಹೆಚ್ಚು ಪ್ರಸಿದ್ಧ.

ಹಿನ್ನೆಲೆ

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಜೆರೋಮ್ ಪೋಸ್ನರ್ ಅವರೊಡನೆ ಕೆಲಸ ಮಾಡಿ ಪಳಗಿದರು. ಮುಂದೆ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿದ್ದು, ಅನಂತರ ಬಾರ್ಸಿಲೋನಾಕ್ಕೆ ಮರಳಿದರು.

ಪೋಸ್ನರ್ ಪ್ರಯೋಗಾಲಯ ಹೆಚ್ಚಾಗಿ ಅಭ್ಯಾಸ ಮಾಡಿದ್ದು ಕ್ಯಾನ್ಸರ್ ಜೊತೆ ಬರುವ, ನರಕೋಶದ ಒಳಗಿನ ಪ್ರೋಟೀನುಗಳನ್ನು ಗುರಿಯಾಗಿಸುವ ಪ್ರತಿಕಾಯಗಳನ್ನು. ಅಂಥ ರೋಗಗಳಲ್ಲಿ ನರಕೋಶವನ್ನು ಕೊಲ್ಲುವುದು ಬಹುಮಟ್ಟಿಗೆ ರಕ್ಷಣಾ ವ್ಯವಸ್ಥೆಯ ಟಿ-ಕೋಶಗಳು. ಪ್ರತಿಕಾಯ ಬರಿಯ ಸುಳಿವು. ಸತ್ತ ನರಕೋಶ ಮರಳಿ ಬರುವುದಿಲ್ಲವಾದ್ದರಿಂದ ಚಿಕಿತ್ಸೆಗೆ ಹೆಚ್ಚು ಫಲ ಸಿಗುತ್ತಿರಲಿಲ್ಲ. ಡಲ್ಮಾವ್ ಅವರ ಮುಂದಿನ ಕೆಲಸದ ಬೆಲೆ ತಿಳಿಯಬೇಕಾದರೆ ಈ ನಿರಾಶೆಯ ಹಿನ್ನೆಲೆ ಬೇಕು.

ಗ್ರಾಹಕದ ಪತ್ತೆ

2005ರಲ್ಲಿ ಡಲ್ಮಾವ್ ಮತ್ತು ಸಂಗಡಿಗರು ಅಂಡಾಶಯದಲ್ಲಿ ಟೆರಟೋಮಾ ಗಡ್ಡೆಯಿದ್ದ ನಾಲ್ವರು ಸ್ತ್ರೀಯರನ್ನು ವರ್ಣಿಸಿದರು. ಮನೋವಿಕಾರ, ಮರೆವು, ಪ್ರಜ್ಞೆಯ ಕುಸಿತ, ಉಸಿರಾಟದ ಸೋಲು ಇವರಲ್ಲಿ ಕಂಡಿದ್ದವು. ಇವರ ಪ್ರತಿಕಾಯಗಳು ಅಂಟಿಕೊಂಡದ್ದು ಜೀವಂತ ಹಿಪ್ಪೊಕ್ಯಾಂಪಸ್ ನರಕೋಶಗಳ ಹೊರಮೈಗೆ. ಆ ಪ್ರಬಂಧ ಇಎಫ್‌ಎ6ಎ ಎಂಬ ಪ್ರೋಟೀನನ್ನು ಹೆಸರಿಸಿತ್ತು. ನಿಜವಾದ ಗುರಿ ಅದಾಗಿರಲಿಲ್ಲ. 2007ರಲ್ಲಿ 12 ಸ್ತ್ರೀಯರ ಅಧ್ಯಯನದಿಂದ ಎನ್‌ಎಂಡಿಎ ಗ್ರಾಹಕ ಪತ್ತೆಯಾಯಿತು. ಆಗ ಎನ್‌ಆರ್2 ಉಪಘಟಕಗಳತ್ತ ಬೊಟ್ಟುಮಾಡಲಾಗಿತ್ತು. ಮರುವರ್ಷ ಗುರಿ ಎನ್‌ಆರ್1 ಎಂದು ತಿದ್ದಲಾಯಿತು. 2007ರ ಅಧ್ಯಯನದಲ್ಲಿ ಪರೀಕ್ಷಿಸಿದ ಐದೂ ಗಡ್ಡೆಗಳಲ್ಲಿ ನರ ಅಂಗಾಂಶವಿತ್ತು. ಗಡ್ಡೆಯೊಳಗಿನ ಈ ನರ ಅಂಗಾಂಶವೇ ಮಿದುಳಿನ ಮೇಲಿನ ದಾಳಿಗೆ ಪ್ರಚೋದನೆ ಇರಬಹುದು.

ಪ್ರತಿಕಾಯ ಗ್ರಾಹಕವನ್ನು ನಾಶ ಮಾಡುವುದಿಲ್ಲ. ಎರಡೆರಡನ್ನು ಜೋಡಿಸಿ ಹಿಡಿಯುತ್ತದೆ. ಹಾಗೆ ಹಿಡಿದ ಗ್ರಾಹಕಗಳನ್ನು ಕೋಶ ಒಳಕ್ಕೆಳೆದುಕೊಳ್ಳುತ್ತದೆ. ಪ್ರತಿಕಾಯ ತೆಗೆದರೆ ಗ್ರಾಹಕಗಳು ಮತ್ತೆ ಮೇಲೆ ಬರುತ್ತವೆಂದು 2010ರ ಪ್ರಯೋಗಗಳು ತೋರಿಸಿದವು. ತಿಂಗಳುಗಟ್ಟಲೆ ತೀವ್ರ ನಿಗಾ ಘಟಕದಲ್ಲಿದ್ದವರೂ ಎದ್ದು ಮನೆಗೆ ಹೋಗಲು ಸಾಧ್ಯವಾಗುವುದು ಇದರಿಂದಲೇ.

ರೋಗಿಗಳು, ಚಿಕಿತ್ಸೆ

2008ರಲ್ಲಿ ವರದಿಯಾದ 100 ರೋಗಿಗಳಲ್ಲಿ 91 ಮಂದಿ ಸ್ತ್ರೀಯರು. 77 ಮಂದಿ ಮೊದಲು ಕಂಡದ್ದು ಮನೋವೈದ್ಯರನ್ನು. ಗಡ್ಡೆಯಿಲ್ಲದವರೂ, ಮಕ್ಕಳೂ, ಗಂಡಸರೂ ಇದ್ದಾರೆಂಬುದು ಕ್ರಮೇಣ ಸ್ಪಷ್ಟವಾಯಿತು. ಗಡ್ಡೆಯಿದ್ದರೆ ತೆಗೆಯುವುದು, ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ಪ್ಲಾಸ್ಮಾ ವಿನಿಮಯ ಮೊದಲ ಸಾಲಿನ ಚಿಕಿತ್ಸೆ. ಬಗ್ಗದಿದ್ದರೆ ರಿಟುಕ್ಸಿಮ್ಯಾಬ್ ಅಥವಾ ಸೈಕ್ಲೊಫಾಸ್ಫಮೈಡ್. 2013ರ ದೊಡ್ಡ ಅಧ್ಯಯನದಲ್ಲಿ ಎರಡು ವರ್ಷ ಗಮನಿಸಿದ ರೋಗಿಗಳಲ್ಲಿ ಶೇ. 81ರಷ್ಟು ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ರಕ್ತವೊಂದನ್ನೇ ಪರೀಕ್ಷಿಸಿದರೆ ಸಾಲದು; ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಪ್ರತಿಕಾಯ ಹೆಚ್ಚು ಖಚಿತವಾಗಿ ಸಿಗುತ್ತದೆ. 2016ರ ರೋಗನಿರ್ಣಯ ಮಾನದಂಡಗಳು (ಫ್ರಾನ್ಸೆಸ್ಕ್ ಗ್ರಾವ್ಸ್ ಜೊತೆ) ಪ್ರತಿಕಾಯದ ವರದಿಗೆ ಕಾಯದೆ ಚಿಕಿತ್ಸೆ ತೊಡಗಲು ವೈದ್ಯರಿಗೆ ಆಧಾರವಾದವು.

ಇತರ

ಎಎಂಪಿಎ, ಗ್ಯಾಬಾ-ಬಿ ಗ್ರಾಹಕಗಳು, ಎಲ್‌ಜಿಐ1, ಇಗ್ಲಾನ್5 ವಿರುದ್ಧದ ಪ್ರತಿಕಾಯಗಳ ಶೋಧದಲ್ಲೂ ಇವರ ತಂಡದ ಪಾತ್ರವಿದೆ. ಎನ್‌ಎಂಡಿಎ ಗ್ರಾಹಕದ ರೋಗದ ಹೆಸರು ಜನರ ಕಿವಿಗೆ ಬಿದ್ದದ್ದು ಮಾತ್ರ, 2009ರಲ್ಲಿ ಇದಕ್ಕೆ ತುತ್ತಾಗಿ ಚೇತರಿಸಿಕೊಂಡ ನ್ಯೂಯಾರ್ಕಿನ ಪತ್ರಕರ್ತೆ ಸುಸನ್ನಾ ಕ್ಯಾಹಲನ್ 2012ರಲ್ಲಿ ಬರೆದ ಅನುಭವಕಥನದಿಂದ. ಮನೋವೈದ್ಯರೂ ನರರೋಗತಜ್ಞರೂ ಒಂದೇ ಆವರಣದಲ್ಲಿರುವ ಬೆಂಗಳೂರಿನ ನಿಮ್ಹಾನ್ಸ್‌ನಿಂದಲೂ ಮಕ್ಕಳನ್ನೊಳಗೊಂಡ ಇಂಥ ರೋಗಿಗಳ ವರದಿಗಳು ಪ್ರಕಟವಾಗಿವೆ.