ಬೈತುಲ್ ಮಾಲ್‌ನಿಂದ ಗ್ರಾಮಸಭೆಯವರೆಗೆ: ಬಡವರ ಹಣದ ಕಾವಲು

ಸಾರ್ವಜನಿಕ ಹಣದ ಲೆಕ್ಕ ಕೇಳುವ ಪದ್ಧತಿಯು ಇಸ್ಲಾಮೀ ಇತಿಹಾಸದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಕಾಲದಷ್ಟೇ ಹಳೆಯದು. ಝಕಾತ್ ಸಂಗ್ರಹಕ್ಕೆ ನೇಮಕಗೊಂಡಿದ್ದ ಇಬ್ನುಲ್ ಲುತ್ಬಿಯ್ಯ ಎಂಬವರು ಮರಳಿ ಬಂದು, ಇಷ್ಟು ನಿಮ್ಮದು, ಇಷ್ಟು ತನಗೆ ಬಂದ ಉಡುಗೊರೆ ಎಂದು ಬೇರ್ಪಡಿಸಿದರು. ಪ್ರವಾದಿ(ಸ)ರು ಮಿಂಬರ್ ಏರಿ ಇದನ್ನು ಬಹಿರಂಗವಾಗಿಯೇ ಆಕ್ಷೇಪಿಸಿದರು. ಆ ವ್ಯಕ್ತಿ ಹೆತ್ತವರ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂಬುದು ಅವರ ಪ್ರಶ್ನೆಯ ಸಾರ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿ ಈ ಘಟನೆಯಿದೆ. ಹುದ್ದೆಯ ಬಲದಿಂದ ಕೈಸೇರಿದ ಹಣವನ್ನು ಯಾವ ಹೆಸರಿನಿಂದ ಕರೆದರೂ ಅದು ಸ್ವಂತದ್ದಾಗುವುದಿಲ್ಲ ಎಂಬ ತತ್ವ ಅಂದೇ ನೆಲೆಗೊಂಡಿತು.

ಎರಡನೆಯ ಖಲೀಫಾ ಉಮರ್(ರ)ರ ಆಡಳಿತದಲ್ಲಿ (634–644) ಈ ತತ್ವವು ವ್ಯವಸ್ಥೆಯ ರೂಪ ಪಡೆಯಿತು. ವೇತನ ಪಡೆಯುವವರ ಹೆಸರುಗಳನ್ನು ಬುಡಕಟ್ಟುವಾರು ದಾಖಲಿಸುವ ‘ದೀವಾನ್’ ಆರಂಭವಾಯಿತು. ಖುಝಾಅ ಬುಡಕಟ್ಟಿನ ಪಟ್ಟಿಯನ್ನು ಖಲೀಫರು ಸ್ವತಃ ಹೊತ್ತು ಕುದೈದ್‌ಗೆ ತೆರಳಿ, ಪ್ರತಿಯೊಬ್ಬ ಮಹಿಳೆಯ ಕೈಗೇ ಹಣ ನೀಡುತ್ತಿದ್ದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ರಾಜ್ಯಪಾಲರ ವಿರುದ್ಧದ ದೂರುಗಳ ತನಿಖೆಗೆ ಮುಹಮ್ಮದ್ ಬಿನ್ ಮಸ್ಲಮ(ರ)ರನ್ನು ಕಳುಹಿಸುತ್ತಿದ್ದರು. ಹಜ್ಜ್‌ನ ಸಂದರ್ಭದಲ್ಲಿ ರಾಜ್ಯಪಾಲರನ್ನು ಕರೆಸಿ, ಜನರ ಮುಂದೆಯೇ ದೂರು ಆಲಿಸುತ್ತಿದ್ದರು. ಹೆಸರಿನ ಪಟ್ಟಿ, ಮಧ್ಯವರ್ತಿಯಿಲ್ಲದ ಪಾವತಿ, ಬಹಿರಂಗ ವಿಚಾರಣೆ: ಈ ಮೂರೂ ಇಂದಿಗೂ ವಂಚನೆಯನ್ನು ತಡೆಯುವ ಮುಖ್ಯ ಸಾಧನಗಳಾಗಿವೆ.

ಹಾವೇರಿಯ ಮಣ್ಣಿಗೂ ಖಜಾನೆಯ ಒಂದು ಚರಿತ್ರೆಯಿದೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ವಿದೇಶೀ ಸರಕಾರವು ವಸೂಲು ಮಾಡಿದ ಕಂದಾಯದ ಮೇಲೆ ದಾಳಿ ನಡೆಸಿದಾಗ, ಇಬ್ಬರು ಸಂಗಾತಿಗಳೊಂದಿಗೆ ಗುಂಡಿಗೆ ಬಲಿಯಾದರು. ಅಂದು ರೈತನ ಹಣವು ಪರಕೀಯರ ಪೆಟ್ಟಿಗೆಯಲ್ಲಿತ್ತು. ಇಂದಿನ ಖಜಾನೆ ನಮ್ಮದೇ. ಆದ್ದರಿಂದ ‘ಸರಕಾರದ ಹಣ ತಾನೇ’ ಎಂಬ ಉಡಾಫೆಯ ಮಾತಿಗೆ ಈಗ ಯಾವ ಸಮರ್ಥನೆಯೂ ಉಳಿದಿಲ್ಲ.

ಸ್ವತಂತ್ರ ಭಾರತದಲ್ಲಿ ನೆರವಿನ ಯೋಜನೆಗಳು ಬೆಳೆದಂತೆ ಲೆಕ್ಕ ಕೇಳುವ ಹಕ್ಕೂ ಬೆಳೆಯಿತು. ಕರ್ನಾಟಕದಲ್ಲಿ 1984ರಲ್ಲಿ ಲೋಕಾಯುಕ್ತ ಕಾಯ್ದೆ ಬಂತು. 1994ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಕೂಲಿಕಾರರು ಹಾಜರಿ ಪಟ್ಟಿಯನ್ನು ಎಲ್ಲರ ಮುಂದೆ ಓದಿಸಿದರು. ಕೆಲಸಕ್ಕೆ ಬಾರದವರ, ಸತ್ತವರ ಹೆಸರುಗಳು ಬಯಲಾದವು. ಆ ಹೋರಾಟದ ಫಲವಾಗಿಯೇ 2005ರ ಮಾಹಿತಿ ಹಕ್ಕು ಕಾಯ್ದೆ ಮತ್ತು ಉದ್ಯೋಗ ಖಾತರಿ ಕಾಯ್ದೆಯ ಸಾಮಾಜಿಕ ಲೆಕ್ಕ ಪರಿಶೋಧನೆ ರೂಪುಗೊಂಡವು.

ಆದರೂ ವಂಚನೆ ನಿಂತಿಲ್ಲ. ಅದು ನಮ್ಮ ಸಮುದಾಯದ ಹೊಸ್ತಿಲನ್ನೂ ತುಳಿದಿದೆ. ಅಲ್ಪಸಂಖ್ಯಾತ ವಿದ್ಯಾರ್ಥಿವೇತನ ಪಡೆದಿದ್ದ 1,572 ಸಂಸ್ಥೆಗಳನ್ನು ಕೇಂದ್ರ ಸಚಿವಾಲಯವು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಿಷ್ಕ್ರಿಯವೆಂದು ಕಂಡುಬಂದುದು 2023ರಲ್ಲಿ ಬೆಳಕಿಗೆ ಬಂತು. ಐದು ವರ್ಷಗಳಲ್ಲಿ ಆದ ನಷ್ಟ 144 ಕೋಟಿ ರೂಪಾಯಿಗೂ ಹೆಚ್ಚು. ಕರ್ನಾಟಕದಲ್ಲಿ ಪರಿಶೀಲಿಸಿದ ಹಲವು ಸಂಸ್ಥೆಗಳೂ ಈ ಸಾಲಿಗೆ ಸೇರಿದ್ದವು. ಪ್ರಕರಣವನ್ನು ಸಿಬಿಐಗೆ ವಹಿಸಲಾಯಿತು. ಇಲ್ಲಿ ಕಳೆದುಹೋದುದು ಕೇವಲ ಹಣವಲ್ಲ. ನಿಜವಾದ ಬಡ ವಿದ್ಯಾರ್ಥಿಯ ಅರ್ಜಿಯನ್ನೂ ಸಂಶಯದಿಂದ ನೋಡುವ ಸ್ಥಿತಿ ಉಂಟಾಯಿತು.

ವಂಚನೆಯು ದೊಡ್ಡವರಿಂದಲೇ ಆಗಬೇಕೆಂದಿಲ್ಲ. ಸುಳ್ಳು ಆದಾಯ ಪ್ರಮಾಣಪತ್ರ, ತೀರಿಹೋದವರ ಹೆಸರಿನಲ್ಲಿ ಮುಂದುವರಿಯುವ ಪಿಂಚಣಿ, ಉಳ್ಳವರ ಮನೆಯ ಬಿಪಿಎಲ್ ಕಾರ್ಡು ಇವೂ ವಂಚನೆಯೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬದುಕುವ ವಿಧವೆಗೂ, ರಾಣೆಬೆನ್ನೂರಿನ ಹಮಾಲಿಯ ಮಗಳಿಗೂ ಸಲ್ಲಬೇಕಾದುದನ್ನು ಇನ್ನೊಬ್ಬರು ಉಣ್ಣುವುದು ಯಾವ ಫತ್ವಾದಿಂದಲೂ ಹಲಾಲ್ ಆಗದು. ಕುರ್‌ಆನ್ (9:60) ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಹೆಸರಿಸಿದೆ. ಅರ್ಹತೆಯ ಗೆರೆಯನ್ನು ದಾಟುವ ಸ್ವಾತಂತ್ರ್ಯವನ್ನು ಯಾರಿಗೂ ನೀಡಿಲ್ಲ.

ನಮ್ಮ ಮುಂದಿರುವ ದಾರಿ ಸರಳವಾಗಿದೆ. ಅರ್ಜಿಯನ್ನು ನಾಡಕಚೇರಿಯಲ್ಲಿ ನೇರವಾಗಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಒಟಿಪಿಯನ್ನಾಗಲಿ ಬೆರಳಚ್ಚನ್ನಾಗಲಿ ದಲ್ಲಾಳಿಗೆ ಒಪ್ಪಿಸಬಾರದು. ಅರ್ಹತೆ ಮುಗಿದರೆ ನಾವೇ ತಿಳಿಸಿ ಸೌಲಭ್ಯವನ್ನು ಬಿಟ್ಟುಕೊಡಬೇಕು. ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿಯನ್ನು ಓದಿಸಬೇಕು. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಗೆ 30 ದಿನಗಳಲ್ಲಿ ಉತ್ತರ ದೊರೆಯಬೇಕು. ಬಿಪಿಎಲ್ ಕುಟುಂಬಕ್ಕೆ ಆ ಶುಲ್ಕವೂ ಇಲ್ಲ. ಅಧಿಕಾರಿಯೇ ಲಂಚ ಕೇಳಿದರೆ ಲೋಕಾಯುಕ್ತಕ್ಕೆ ದೂರು ನೀಡಬಹುದು.

ಆದರೆ ದೂರಿಗೂ ಒಂದು ಶಿಸ್ತಿದೆ. ಲೋಕಾಯುಕ್ತಕ್ಕೆ ಸಲ್ಲಿಸುವ ದೂರಿನೊಂದಿಗೆ ಪ್ರಮಾಣಪತ್ರ ಲಗತ್ತಿಸಬೇಕು, ಸುಳ್ಳು ದೂರಿಗೆ ಶಿಕ್ಷೆಯೂ ಇದೆ. ಬಂದ ಸುದ್ದಿಯನ್ನು ಪರಿಶೀಲಿಸಿರೆಂದು ಕುರ್‌ಆನ್ (49:6) ಆದೇಶಿಸುತ್ತದೆ. ನೆರೆಯವನ ಮೇಲಿನ ಹಳೆಯ ಹಗೆಯನ್ನು ತೀರಿಸಿಕೊಳ್ಳಲು ದೂರು ಬರೆಯುವುದು ಇನ್ನೊಂದು ಅನ್ಯಾಯವಾಗುತ್ತದೆ. ದಾಖಲೆ ಕೈಯಲ್ಲಿರುವಾಗ ಮೌನವಾಗಿರುವುದೂ ಅಮಾನತ್‌ಗೆ ಮಾಡುವ ದ್ರೋಹವೇ. ಏಕೆಂದರೆ ಆ ಮೌನದ ಬೆಲೆಯನ್ನು ತೆರುವವರು ಪಟ್ಟಿಯಲ್ಲಿ ಹೆಸರಿಲ್ಲದೆ ಬರಿಗೈಯಲ್ಲಿ ಮರಳುವ ಬಡವರು.