ಚಿನ್ನದ ಬಣ್ಣದ ಪುಟ್ಟ ಕಾರು

ಇತಿಹಾಸವೆಂದರೆ ಅರಸರ ಯುದ್ಧ ಒಪ್ಪಂದಗಳ ಕಥೆಯೆಂದು ತಿಳಿದವರಿಗೆ, ಅಂಗೈಯಗಲದ ಆಟಿಕೆಗೂ ಚರಿತ್ರೆಯುಂಟೆಂಬ ಮಾತು ವಿನೋದವಾಗಿ ತೋರಬಹುದು. 1965ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಅಂಗಡಿಗಳಿಗೆ ಬಂದ ಜೇಮ್ಸ್ ಬಾಂಡನ ಪುಟ್ಟ ಕಾರು ಅಂಥದೊಂದು ಆಟಿಕೆ. ತಯಾರಿಸಿದವರು ಕಾರ್ಗಿ ಟಾಯ್ಸ್.

ಹಿಂದಿನ ವರ್ಷ ತೆರೆಕಂಡ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಪತ್ತೇದಾರ ನಾಯಕನಷ್ಟೇ ಹೆಸರಾದದ್ದು ಅವನ ಆಸ್ಟನ್ ಮಾರ್ಟಿನ್ ಡಿಬಿ5 ಕಾರು. ಚಿತ್ರದಲ್ಲಿ ಅದರ ಬಣ್ಣ ಬೆಳ್ಳಿಯದು, ಆಟಿಕೆಯದು ಚಿನ್ನದ್ದು. ಬೆಳ್ಳಿಯ ಬಣ್ಣ ಬಳಿದರೆ ಬಣ್ಣವನ್ನೇ ಹಚ್ಚದ ಬರಿಯ ಲೋಹದಂತೆ ಕಂಡೀತೆಂದು ಹೀಗೆ ಮಾಡಿದರಂತೆ. ಒಂದು ಗುಂಡಿಯನ್ನು ಒತ್ತಿದರೆ ಮುಂಬದಿಯಿಂದ ಬಂದೂಕುಗಳು ಇಣುಕುವುವು. ಹೊಗೆಕೊಳವೆಯನ್ನು ಒತ್ತಿದರೆ ಹಿಂದೆ ಗುರಾಣಿ ಏಳುವುದು. ಮತ್ತೊಂದನ್ನು ಒತ್ತಿದರೆ ಚಾವಣಿ ತೆರೆದು, ಪಕ್ಕದಲ್ಲಿ ಕುಳಿತ ಖಳನು ಸ್ಪ್ರಿಂಗಿನ ಬಲದಿಂದ ಆಕಾಶಕ್ಕೆ ಚಿಮ್ಮುವನು. ಅವನು ಕಳೆದುಹೋಗುವುದು ಖಂಡಿತವೆಂದು ಬಲ್ಲ ತಯಾರಕರು, ಪೆಟ್ಟಿಗೆಯಲ್ಲಿ ಇನ್ನೊಬ್ಬ ಖಳನನ್ನೂ ಇಟ್ಟಿದ್ದರು!

ಈ ವಿನೋದದ ಹಿಂದೆ ವಿನೋದವಲ್ಲದ ಒಂದು ಕಥೆಯಿದೆ. ಕಾರ್ಗಿಯ ಮಾತೃಸಂಸ್ಥೆ ಮೆಟ್ಟಾಯ್. ಅದರ ಸ್ಥಾಪಕ ಫಿಲಿಪ್ ಉಲ್‌ಮನ್, ಜರ್ಮನಿಯ ನ್ಯೂರೆಂಬರ್ಗಿನ ಯಹೂದಿ. ಆಟಿಕೆಗಳಿಗೆ ಶತಮಾನಗಳಿಂದ ಹೆಸರಾದ ಆ ಊರಿನಲ್ಲಿ ಅವನೂ ಆಟಿಕೆಯ ಉದ್ಯಮಿಯೇ. ಹಿಟ್ಲರನು ಅಧಿಕಾರಕ್ಕೆ ಬಂದ 1933ರಲ್ಲಿ ದೇಶ ತೊರೆದು, ಇಂಗ್ಲೆಂಡಿನ ನಾರ್ಥಾಂಪ್ಟನ್ನಿನಲ್ಲಿ ಹೊಸದಾಗಿ ಕಸುಬು ಹೂಡಿದನು. ಯುದ್ಧಾನಂತರ ಸಂಸ್ಥೆಯ ದೊಡ್ಡ ಕಾರ್ಖಾನೆ ವೇಲ್ಸಿನ ಸ್ವಾನ್‌ಸಿಯಲ್ಲಿ ನೆಲೆಗೊಂಡಿತು. ಜರ್ಮನ್ ಬಾಂಬುಗಳು 1941ರಲ್ಲಿ ಮೂರು ರಾತ್ರಿ ಸುಟ್ಟ ಊರದು. 1956ರಲ್ಲಿ ಆರಂಭವಾದ ಕಾರ್ಗಿಯ ಹೆಸರು ವೇಲ್ಸಿನ ಗಿಡ್ಡಕಾಲಿನ ನಾಯಿಯದು.

ಇನ್ನೊಂದು ಸಂಗತಿಯನ್ನು ಗಮನಿಸಿ. ಚಿತ್ರದ ಕಲಾವಿನ್ಯಾಸಕ, ಕಾರಿನ ಚಮತ್ಕಾರಗಳ ಕಲ್ಪನೆಯಲ್ಲಿ ಮುಖ್ಯ ಪಾಲು ಪಡೆದ ಕೆನ್ ಆಡಮ್, ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ. ಅವನ ಕುಟುಂಬವೂ 1934ರಲ್ಲಿ ಬ್ರಿಟನ್ನಿಗೆ ವಲಸೆ ಬಂದಿತು. ಮಹಾಯುದ್ಧದಲ್ಲಿ ಅವನು ಬ್ರಿಟಿಷ್ ವಾಯುಪಡೆಯ ವಿಮಾನ ಹಾರಿಸಿದನು. ಅಂದರೆ, ಬ್ರಿಟಿಷ್ ಸಾಹಸದ ಹೆಗ್ಗುರುತಾದ ಕಾರಿನ ಹಿಂದೆಯೂ, ಆ ಕಾರಿನ ಆಟಿಕೆಯ ಹಿಂದೆಯೂ ಇದ್ದವರು, ಒಂದು ದೇಶ ಬೇಡವೆಂದು ದೂಡಿದವರು.

ಮೆಟ್ಟಾಯ್ ಸಂಸ್ಥೆ 1983ರಲ್ಲಿ ದಿವಾಳಿಯಾಯಿತು. ಅಲ್ಲಿ ಹುಟ್ಟಿದ ಕಾರುಗಳ ಬೆಲೆ ಮಾತ್ರ ಸಂಗ್ರಾಹಕರ ನಡುವೆ ಏರುತ್ತ ಹೋಯಿತು. ಪೆಟ್ಟಿಗೆ ಹರಿಯದ, ಬಣ್ಣ ಮಾಸದ, ಇಬ್ಬರು ಖಳರೂ ಉಳಿದಿರುವ ಕಾರಿಗೆ ಹೆಚ್ಚಿನ ಹಣ. ಅಂದರೆ, ಯಾವ ಮಗುವೂ ಮನಸಾರೆ ಆಡದ ಕಾರಿಗೆ. ಮಾರುಕಟ್ಟೆಗೆ ಅದರದೇ ನ್ಯಾಯವಿರಲಿ. ಆದರೆ ನೆಲೆ ಕಳೆದುಕೊಂಡವನೊಬ್ಬನು ಪರನಾಡಿನಲ್ಲಿ ಹೂಡಿದ ಉದ್ಯಮ ಸಾರ್ಥಕವಾದದ್ದು ಗಾಜಿನ ಕಪಾಟಿನಲ್ಲಲ್ಲ. ಚಾವಣಿ ಸಡಿಲಿ, ಬಣ್ಣ ಕೆತ್ತಿಹೋಗಿ, ಖಳನು ಯಾವುದೋ ಮಂಚದಡಿಯಲ್ಲಿ ಕಳೆದುಹೋದ ಮನೆಗಳಲ್ಲಿ.