ಸಿಡಿಲು, ಉಲ್ಕೆ ಮತ್ತು ಸಂಭವದ ಲೆಕ್ಕ

ಆಕಾಶದಿಂದ ಕಲ್ಲು ಬೀಳುತ್ತದೆ ಎಂದರೆ ಹದಿನೆಂಟನೆಯ ಶತಮಾನದ ಯುರೋಪಿನ ಬಹುಪಾಲು ವಿದ್ವಾಂಸರು ನಂಬುತ್ತಿರಲಿಲ್ಲ. ಉಲ್ಕಾಶಿಲೆಗಳು ಅಂತರಿಕ್ಷದಿಂದ ಬರುತ್ತವೆಂದು 1794ರಲ್ಲಿ ವಾದಿಸಿದ ಅರ್ನ್‌ಸ್ಟ್ ಕ್ಲಾಡ್ನಿಗೆ ಸಿಕ್ಕ ಮನ್ನಣೆ ಕಡಿಮೆ. 1803ರಲ್ಲಿ ಫ್ರಾನ್ಸಿನ ಲೇಗಲ್ ಸುತ್ತಮುತ್ತ ಸಾವಿರಾರು ಕಲ್ಲುಗಳು ಸುರಿದಾಗ ಜಾನ್ ಬ್ಯಾಪ್ಟಿಸ್ಟ್ ಬಯೋ ಊರೂರು ತಿರುಗಿ ಸಾಕ್ಷ್ಯ ಕಲೆಹಾಕಿದ ಮೇಲೆ ಸಂಶಯ ಕರಗಿತು. ಅಪರೂಪದ ಅವಘಡಗಳಿಗೂ ಒಂದು ಲೆಕ್ಕವಿದೆ ಎಂಬುದು ಸ್ಪಷ್ಟವಾಗಲು ಇನ್ನೂ ಒಂದು ಶತಮಾನ ಬೇಕಾಯಿತು. ಪ್ರಷ್ಯದ ಅಶ್ವದಳದಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಸಂಖ್ಯೆ, ಅಪರೂಪದ ಘಟನೆಗಳನ್ನು ಸರಾಸರಿಯಿಂದ ಲೆಕ್ಕಹಾಕುವ ಪ್ವಾಸೋನ್ ಸೂತ್ರಕ್ಕೆ ಹೊಂದುವುದನ್ನು ಬೊರ್ಟ್‌ಕೀವಿಚ್ 1898ರಲ್ಲಿ ತೋರಿಸಿದರು. ಆದರೆ ಆ ಸೂತ್ರಕ್ಕೆ ಸರಾಸರಿಯನ್ನು ನಾವೇ ಒದಗಿಸಬೇಕು. ಅದು ನಮ್ಮ ತಿಳಿವಳಿಕೆಗೂ ಜನರ ಬದುಕಿಗೂ ತಕ್ಕಂತೆ ಬದಲಾಗುತ್ತದೆ ಎಂಬುದೇ ಅಪಾಯದ ಲೆಕ್ಕದ ಇತಿಹಾಸ ಕಲಿಸುವ ಪಾಠ.

ಕ್ಷುದ್ರಗ್ರಹಗಳನ್ನೇ ನೋಡಿ. 1908ರಲ್ಲಿ ಸೈಬೀರಿಯದ ತುಂಗುಸ್ಕಾದಲ್ಲಿ ಆಕಾಶಕಾಯವೊಂದು ಸಿಡಿದು ಸುಮಾರು 2,000 ಚದರ ಕಿಲೋಮೀಟರ್ ಕಾಡು ನೆಲಕಚ್ಚಿದರೂ ಅಪಾಯದ ಅಂದಾಜು ಆಗ ಹುಟ್ಟಲಿಲ್ಲ. 1994ರಲ್ಲಿ ಕ್ಲಾರ್ಕ್ ಚಾಪ್‌ಮನ್ ಮತ್ತು ಡೇವಿಡ್ ಮಾರಿಸನ್, ಅಮೆರಿಕದ ಒಬ್ಬ ವ್ಯಕ್ತಿ ಕ್ಷುದ್ರಗ್ರಹದ ಅಪ್ಪಳಿಕೆಯಿಂದ ಸಾಯುವ ಜೀವಮಾನದ ಸಂಭವ ಸುಮಾರು 20,000ಕ್ಕೆ ಒಂದು, ಅಂದರೆ ವಿಮಾನ ದುರಂತದಷ್ಟೇ ಎಂದರು. ಒಮ್ಮೆಗೇ ಕೋಟ್ಯಂತರ ಜನ ಸಾಯುವ, ಲಕ್ಷಾಂತರ ವರ್ಷಕ್ಕೊಮ್ಮೆ ನಡೆಯಬಹುದಾದ ಘಟನೆಯನ್ನು ತಲೆಗಿಷ್ಟೆಂದು ಹಂಚಿ ಬಂದ ಅಂಕಿ ಅದು. 1998ರಿಂದ ನಾಸಾ ಒಂದು ಕಿಲೋಮೀಟರಿಗಿಂತ ದೊಡ್ಡ ಕಾಯಗಳಲ್ಲಿ ಶೇಕಡಾ 90ನ್ನು ಹುಡುಕಲು ಹೊರಟಿತು. ಸಿಕ್ಕವುಗಳಲ್ಲಿ ಯಾವುದೂ ಸದ್ಯ ಭೂಮಿಯತ್ತ ಬರುತ್ತಿಲ್ಲವೆಂದು ಖಚಿತವಾಗುತ್ತಿದ್ದಂತೆ ಅಪಾಯದ ಅಂಕಿ ಹಲವು ಪಟ್ಟು ಕುಸಿಯಿತು. ಆಕಾಶ ಅದೇ, ಬದಲಾದದ್ದು ನಮ್ಮ ಅರಿವು.

ಹಾಗಾದರೆ ಇದು ನೆಚ್ಚಲಾಗದ ಲೆಕ್ಕವೇ? 2024 ವೈಆರ್4 ಎಂಬ ಕ್ಷುದ್ರಗ್ರಹ 2032ರಲ್ಲಿ ಭೂಮಿಗೆ ಬಡಿಯುವ ಸಂಭವ 2025ರ ಫೆಬ್ರವರಿಯಲ್ಲಿ ಶೇಕಡಾ 3ರಷ್ಟಕ್ಕೇರಿ, ಕೆಲವೇ ದಿನಗಳಲ್ಲಿ ಶೂನ್ಯದ ಸಮೀಪಕ್ಕಿಳಿದಾಗ ಈ ಆಕ್ಷೇಪ ಕೇಳಿಬಂದದ್ದು ಸಹಜ. ಆದರೆ ಕಕ್ಷೆಯ ಅನಿಶ್ಚಿತತೆಯ ವಲಯ ಕಿರಿದಾಗುತ್ತಾ ಹೋದಂತೆ, ಭೂಮಿ ಆ ವಲಯದೊಳಗೇ ಇರುವಷ್ಟು ಹೊತ್ತು ಬಡಿಯುವ ಸಂಭವ ಹೆಚ್ಚುತ್ತದೆ; ಹೊರಬಿದ್ದೊಡನೆ ಕುಸಿಯುತ್ತದೆ. ಈ ಏರಿಳಿತ ವೀಕ್ಷಣೆ ಕೆಲಸ ಮಾಡುತ್ತಿರುವುದರ ಗುರುತು.

ಸಿಡಿಲಿನಲ್ಲಿ ಬದಲಾವಣೆ ಬಂದದ್ದು ಮತ್ತೊಂದು ದಾರಿಯಿಂದ. 1940ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ವರ್ಷಕ್ಕೆ ಮುನ್ನೂರು, ನಾನೂರು ಮಂದಿ ಸಿಡಿಲಿಗೆ ಬಲಿಯಾಗುತ್ತಿದ್ದರು. ಜನಸಂಖ್ಯೆ ಎರಡು ಪಟ್ಟಿಗೂ ಮೀರಿ ಬೆಳೆದ ಮೇಲೆ ಈಗ ಸರಾಸರಿ ಮೂವತ್ತಕ್ಕೂ ಕಡಿಮೆ. ಸಿಡಿಲಿನ ಸ್ವಭಾವ ಬದಲಾಗಿಲ್ಲ. ಜನ ಹೊಲದಿಂದ ತಂತಿ, ಕೊಳವೆಗಳಿರುವ ಗಟ್ಟಿ ಕಟ್ಟಡಗಳಿಗೆ ಸರಿದರು, ಚಿಕಿತ್ಸೆಯೂ ಸುಧಾರಿಸಿತು. ಭಾರತದಲ್ಲಿ 2022ರಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಅಂದರೆ ಸುಮಾರು ಐದು ಲಕ್ಷಕ್ಕೆ ಒಬ್ಬರು. ಈ ಸರಾಸರಿ ಬೆಂಗಳೂರಿನ ಕಚೇರಿಯಲ್ಲಿ ಕೂತವರಿಗೆ ಅಪಾಯವನ್ನು ಹಿಗ್ಗಿಸಿ, ಮುಂಗಾರಿಗೆ ಮುನ್ನ ಬಯಲಲ್ಲಿ ದುಡಿಯುವ ಕೂಲಿಗೆ, ಕುರಿಗಾಹಿಗೆ ಕುಗ್ಗಿಸಿ ತೋರಿಸುತ್ತದೆ.

ಹಾಗಿದ್ದರೆ ಉಲ್ಕೆಗೆ ಹಾಕುವ ಹಣವನ್ನು ಸಿಡಿಲಿಗೆ ತಿರುಗಿಸಬಾರದೇಕೆ? ಎರಡೂ ಒಂದೇ ಬಗೆಯ ಅಪಾಯವಲ್ಲ. ಸಿಡಿಲು ವರ್ಷವರ್ಷವೂ ಒಬ್ಬೊಬ್ಬರನ್ನು ಕೊಲ್ಲುತ್ತದೆ. ದೊಡ್ಡ ಅಪ್ಪಳಿಕೆ ಒಂದು ನಾಗರಿಕತೆಯನ್ನೇ ಮುಗಿಸಬಲ್ಲದು. 2022ರಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಡಿಕ್ಕಿ ಹೊಡೆದು ಅದರ ಕಕ್ಷಾವಧಿಯನ್ನು ಅರ್ಧ ಗಂಟೆಗೂ ಹೆಚ್ಚು ಇಳಿಸಿ, ಕ್ಷುದ್ರಗ್ರಹದ ದಾರಿ ತಿರುಗಿಸಲು ಸಾಧ್ಯವೆಂದು ತೋರಿಸಿತು. ಸಿಡಿಲಿಗೆ ಅಂಥ ಹೊಸ ಶೋಧವೂ ಬೇಕಿಲ್ಲ. ದಾಮಿನಿಯಂಥ ಮುನ್ಸೂಚನಾ ಆ್ಯಪ್‌ಗಳು ಆಗಲೇ ಇವೆ. ದೇಶದ ಸರಾಸರಿಯ ಬದಲು ಕಸುಬು, ಋತು, ತಾಲ್ಲೂಕುವಾರು ಲೆಕ್ಕ ಹಾಕಿದರೆ, ಎಚ್ಚರಿಕೆ ಯಾರಿಗೆ ಮೊದಲು ತಲುಪಬೇಕು, ಹೊಲದ ಹತ್ತಿರ ಗಟ್ಟಿ ಸೂರು ಎಲ್ಲಿ ಏಳಬೇಕು ಎಂಬುದನ್ನು ಆ ಅಂಕಿಯೇ ಹೇಳುತ್ತದೆ.